ಇನ್ನೊಂದು ಚಿನ್ನದ ಗಣಿಯ ಊರಿನಿಂದ

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ, ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬಗಳನ್ನು ನೋಡುತ್ತ ಬೆಳೆದ ನನಗೆ ದಕ್ಷಿಣ ಆಫ್ರಿಕಾದ ಕಾದಂಬರಿಗಾರ್ತಿ ನಾಡಿನ್ ಗೋರ್ಡಿಮರ್ ಹತ್ತಿರವಾದದ್ದು ಅವರ ಹುಟ್ಟೂರಿನಿಂದ. 1923ರಲ್ಲಿ ಅವರು ಹುಟ್ಟಿದ ಸ್ಪ್ರಿಂಗ್ಸ್ ಕೂಡ, ಜೊಹಾನ್ಸ್‌ಬರ್ಗ್ ಸಮೀಪದ, ಚಿನ್ನದ ಗಣಿಯ ಊರು. ಮಗಳ ಹೃದಯ ದುರ್ಬಲವೆಂದು ತಾಯಿ ಶಾಲೆ ಬಿಡಿಸಿದಾಗ ಆ ಒಂಟಿ ಹುಡುಗಿಗೆ ಊರಿನ ಗ್ರಂಥಾಲಯವೇ ಆಸರೆಯಾಯಿತು. ಅದರೊಳಗೆ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಕಪ್ಪು ಹುಡುಗಿಯಾಗಿ ಹುಟ್ಟಿದ್ದರೆ ತಾನು ಲೇಖಕಿಯಾಗುತ್ತಲೇ ಇರಲಿಲ್ಲವೇನೋ ಎಂದು 1991ರ ನೊಬೆಲ್ ಉಪನ್ಯಾಸದಲ್ಲಿ ಅವರು ನೆನೆದದ್ದು ಈ ಗ್ರಂಥಾಲಯವನ್ನೇ.

ನಮ್ಮ ಗಣಿಯಲ್ಲೂ ಬ್ರಿಟಿಷರ ಕಾಲದಲ್ಲಿ ದೊರೆಗಳ ಬಂಗಲೆಗಳು ಒಂದು ಕಡೆ, ಕೂಲಿ ಲೈನುಗಳು ಇನ್ನೊಂದು ಕಡೆ ಇದ್ದವು. ಲೈನುಗಳ ಒಳಗೆ ಮತ್ತೆ ಜಾತಿಯ ಗೆರೆಗಳಿದ್ದವು. ದಕ್ಷಿಣ ಆಫ್ರಿಕಾದಲ್ಲಾದರೋ ವರ್ಣಭೇದ ನೀತಿ ಶುರುವಾದ 1948ರ ನಂತರ ಪ್ರತಿಯೊಬ್ಬರ ಜನಾಂಗವನ್ನು ಸರ್ಕಾರವೇ ದಾಖಲಿಸಿಕೊಂಡು, ಯಾರು ಎಲ್ಲಿ ವಾಸಿಸಬೇಕೆಂಬುದನ್ನು ಕಾಯಿದೆಯಿಂದ ಗೊತ್ತುಮಾಡಿತು. ಗೋರ್ಡಿಮರ್ ದೇಶ ಬಿಟ್ಟು ಹೋಗಲಿಲ್ಲ. ಅವರ ‘ಎ ವರ್ಲ್ಡ್ ಆಫ್ ಸ್ಟ್ರೇಂಜರ್ಸ್’ 12 ವರ್ಷ ನಿಷೇಧದಲ್ಲಿತ್ತು. 1979ರ ‘ಬರ್ಗರ್ಸ್ ಡಾಟರ್’ ಕೆಲವು ತಿಂಗಳು ನಿಷೇಧಕ್ಕೊಳಗಾಯಿತು. ಅದನ್ನು ಮಂಡೇಲಾ ಸೆರೆಮನೆಯಲ್ಲಿದ್ದುಕೊಂಡೇ ಓದಿದರು.

ನನ್ನನ್ನು ಕಾಡಿದ್ದು ಮಾತ್ರ ಬೂಕರ್ ಪ್ರಶಸ್ತಿಯನ್ನು ಹಂಚಿಕೊಂಡ, 1974ರ ‘ದಿ ಕನ್ಸರ್ವೇಷನಿಸ್ಟ್’. ಸುಲಭದ ಓದಲ್ಲ, ಯಾರು ಯೋಚಿಸುತ್ತಿದ್ದಾರೆ, ಯಾರು ಮಾತನಾಡುತ್ತಿದ್ದಾರೆ ಎಂಬುದು ತಿಳಿಯದೆ ಮೊದಲ ಸಲ ನಾನು ಅರ್ಧಕ್ಕೇ ಕೈಬಿಟ್ಟಿದ್ದೆ. ಮೆಹ್ರಿಂಗ್ ಎಂಬ ಶ್ರೀಮಂತ ಬಿಳಿಯ ಹವ್ಯಾಸಕ್ಕಾಗಿ ಕೊಂಡ ಜಮೀನಿನಲ್ಲಿ ಒಬ್ಬ ಕಪ್ಪು ಮನುಷ್ಯನ ಹೆಣ ಸಿಗುತ್ತದೆ. ಪೊಲೀಸರು ವಿಚಾರಣೆಯ ಗೊಡವೆಗೆ ಹೋಗದೆ ಅಲ್ಲೇ ಮೇಲುಮೇಲೆ ಮಣ್ಣು ಮುಚ್ಚುತ್ತಾರೆ. ಮೆಹ್ರಿಂಗ್ ತನ್ನ ಹುಲ್ಲುಗಾವಲು, ಹಕ್ಕಿ, ಗಿಡಮರಗಳನ್ನು ಕಾಪಾಡುವುದರಲ್ಲಿ ಮಗ್ನನಾಗಿರುವಾಗ, ಮಳೆ ಬಂದು ಪ್ರವಾಹ ಹರಿದು ಆ ಹೆಣ ಮೇಲೇಳುತ್ತದೆ. ಇಡೀ ಕಾದಂಬರಿಯಲ್ಲಿ ಒಂದು ಘೋಷಣೆಯಿಲ್ಲ, ವರ್ಣಭೇದ ನೀತಿಯ ಮೇಲೆ ಒಂದು ಭಾಷಣವಿಲ್ಲ. ನಮ್ಮ ಬಂಡಾಯದ ಬರಹಗಳನ್ನು ಓದಿ ಬೆಳೆದ ನನಗೆ ಮೊದಲು ಇದೊಂದು ಕೊರತೆಯಂತೆ ಕಂಡಿತ್ತು, ಈಗ ಹಾಗನ್ನಿಸುವುದಿಲ್ಲ.

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದ ನನ್ನ ತಾತ, ಬಂಡೆ ಸಿಡಿದು ಸತ್ತ ಜೊತೆಗಾರರ ಹೆಸರುಗಳನ್ನು ಊಟದ ಹೊತ್ತಿಗೆ ಒಂದೊಂದಾಗಿ ಹೇಳುತ್ತಿದ್ದರು. ಅವ್ವ ಎಷ್ಟು ಬೇಡವೆಂದರೂ ನಿಲ್ಲಿಸುತ್ತಿರಲಿಲ್ಲ. ಕಾದಂಬರಿಯ ಸತ್ತವನಿಗೆ ಹೆಸರೇ ಇಲ್ಲ. ಕೊನೆಯಲ್ಲಿ ಜಮೀನಿನ ಆಳುಗಳೇ ಪೆಟ್ಟಿಗೆ ಮಾಡಿ, ಹಾಡಿ, ಗುರುತಿಲ್ಲದ ಅವನನ್ನು ತಮ್ಮವನೆಂದೇ ಬಗೆದು ಮಣ್ಣು ಮಾಡುತ್ತಾರೆ. ಒಡೆಯ ಆ ಹೊತ್ತಿಗೆ ಅಲ್ಲಿರುವುದಿಲ್ಲ.