ಪುಣೆಯಲ್ಲಿ ಚಾಪೆ ಹಾಸಿ ಕೂತಾಗ

ಪುಣೆಯ ಶನಿವಾರವಾಡೆಯಲ್ಲಿ ಈಗ ಅರಮನೆ ಇಲ್ಲ. ಮೊದಲನೇ ಬಾಜೀರಾಯ 1732ರಲ್ಲಿ ಕಟ್ಟಿ ಮುಗಿಸಿದ ಮಹಲು 1828ರ ಬೆಂಕಿಗೆ ಹೋಯಿತು. ಉಳಿದಿರುವುದು ಕೋಟೆಗೋಡೆ, ಕಲ್ಲಿನ ಬುನಾದಿ, ಹುಲ್ಲು. ನನಗೆ ಇಷ್ಟವಾಗಿದ್ದು ದಿಲ್ಲಿ ದರವಾಜ. ಆನೆ ಬಂದು ಹಣೆಯಿಂದ ನೂಕಬಾರದು ಅಂತ ಕದಕ್ಕೆ ಗೇಣುದ್ದದ ಮೊಳೆ ಸಾಲಾಗಿ ಹೊಡೆದಿದ್ದಾರೆ, ಅದೂ ಆನೆಯ ಹಣೆಯ ಎತ್ತರಕ್ಕೇ! ವಿಶ್ರಾಮಬಾಗ್ ವಾಡೆಯ ತೇಗದ ಕೆತ್ತನೆಯೂ ಚೆಂದ. ಆದರೆ ಆ ಟ್ರಾಫಿಕ್‌ನಲ್ಲಿ ತಲೆ ಎತ್ತಿ ನೋಡುವುದೇ ಸಾಹಸ.

ನಾವು ಹುಬ್ಬಳ್ಳಿಯಿಂದ ಡಿಸೆಂಬರ್ ಚಳಿಯಲ್ಲಿ ರೈಲು ಹತ್ತಿದ್ದು ವಾಡೆ ನೋಡೋಕಲ್ಲ, 'ಸವಾಯಿ' ಸಂಗೀತ ಉತ್ಸವಕ್ಕೆ. ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ತೀರಿಕೊಂಡಿದ್ದು 1952ರಲ್ಲಿ. ಮರುವರ್ಷ ಶಿಷ್ಯ ಭೀಮಸೇನ ಜೋಶಿ ಗುರುವಿನ ನೆನಪಿಗೆ ಪುಣೆಯಲ್ಲಿ ಈ ಉತ್ಸವ ಶುರು ಮಾಡಿದರು. ಗುರು ಕುಂದಗೋಳದವರು, ಶಿಷ್ಯ ಗದಗದ ಕಡೆಯವರು. ಪುಣೆಯವರು ಮಾತ್ರ ಇಬ್ಬರೂ ತಮ್ಮವರೇ ಅಂತಾರೆ. ಅನ್ನಲಿ ಬಿಡಿ, ಇಷ್ಟು ವರ್ಷ ಕೂತು ಕೇಳಿದವರು ಅವರೇ ಅಲ್ವಾ.

ಮುಕುಂದನಗರದ ಮೈದಾನದಲ್ಲಿ ದೊಡ್ಡ ಪೆಂಡಾಲು. ಕುರ್ಚಿಗಳಿವೆ, ಆದರೆ ಮಜಾ ಇರುವುದು ನೆಲದ ಮೇಲೆ. ಜನ ಚಾಪೆ, ಶಾಲು, ಥರ್ಮಾಸು ಹಿಡಿದು ಸಂಸಾರ ಸಮೇತ ಬರುತ್ತಾರೆ. ನಮ್ಮ ಪಕ್ಕದ ಚಾಪೆಯಲ್ಲಿ ವಯಸ್ಸಾದ ಗಂಡ-ಹೆಂಡತಿ ಕೂತಿದ್ದರು. ಗಾಯಕರು ಆಲಾಪ ಶುರು ಮಾಡುತ್ತಿದ್ದ ಹಾಗೇ ಅಜ್ಜ "ಪೂರಿಯಾ" ಅಂದರು. ಅವರ ಹೆಂಡತಿ, ಕಾಕು, ತಲೆಯಾಡಿಸಿ "ಮಾರ್ವಾ" ಅಂದರು. ಎರಡೂ ರಾಗಕ್ಕೆ ಸ್ವರಗಳು ಅವೇ. ಪೂರಿಯಾದಲ್ಲಿ ಗಾಂಧಾರ, ನಿಷಾದಕ್ಕೆ ಜಾಸ್ತಿ ಒತ್ತು. ಮಾರ್ವಾದಲ್ಲಿ ರಿಷಭ, ಧೈವತಕ್ಕೆ. ಸ್ವಲ್ಪ ಹೊತ್ತಿಗೆ ಗಾಯಕರು ಕೋಮಲ ರಿಷಭದ ಮೇಲೆ ನಿಂತರು, ನಿಂತೇ ಇದ್ದರು. ಅಜ್ಜ ಏನೂ ಹೇಳದೆ ಥರ್ಮಾಸಿನಿಂದ ಚಹಾ ಬಗ್ಗಿಸಿ ಮೊದಲ ಲೋಟ ಹೆಂಡತಿಗೆ ಕೊಟ್ಟರು. ಕಾಕು ಸಣ್ಣ ನೋಟ್‌ಬುಕ್ಕಿನಲ್ಲಿ ರಾಗದ ಹೆಸರು ಬರೆದುಕೊಂಡರು.

ಮೊದಲೆಲ್ಲ ಇಲ್ಲಿ ಬೆಳಗಿನ ತನಕ ಹಾಡು ನಡೆಯುತ್ತಿತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ ಬಂದ ಮೇಲೆ ಆ ಅಹೋರಾತ್ರಿ ಬೈಠಕ್ ನಿಂತಿತು. ಮಲಗಿರುವ ಊರಿನ ಮೇಲೆ ಮೈಕು ಹಾಕುವುದು ತಪ್ಪೇ, ಒಪ್ಪುತ್ತೇನೆ. ಆದರೂ ನಡುರಾತ್ರಿಯ ರಾಗಗಳನ್ನು ಅದರ ಹೊತ್ತಿನಲ್ಲೇ ಕೇಳುವ ಸುಖ ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಎದ್ದು ಹೊರಡುವಾಗ ಕಾಕು "ಯಾವೂರು?" ಅಂತ ಮರಾಠಿಯಲ್ಲಿ ಕೇಳಿದರು. ಹುಬ್ಬಳ್ಳಿ ಅಂದದ್ದೇ ತಡ, ಮತ್ತೆ ಕೂತರು. "ಕುಂದಗೋಳ ಅಲ್ಲಿಂದ ಎಷ್ಟು ದೂರ? ನಾಡಿಗೇರ ವಾಡೆ ನೋಡಬೇಕು. ಭೀಮಸೇನಜಿ ಗುರುವಿನ ಹತ್ತಿರ ಕಲಿತ ಊರು."

"ಹತ್ತಿರವೇ ಕಾಕು. ಹುಬ್ಬಳ್ಳಿಯಲ್ಲಿ ಲಕ್ಷ್ಮೇಶ್ವರದ ಬಸ್ಸು ಹತ್ತಿ, ಕುಂದಗೋಳದಲ್ಲಿ ಇಳೀರಿ" ಅಂದೆ.

ಅವರು ನೋಟ್‌ಬುಕ್ ತೆಗೆದು ಮಾರ್ವಾ ಕೆಳಗೇ ಅದನ್ನೂ ಬರೆದುಕೊಂಡರು. ಅಜ್ಜ ಮಾತ್ರ ಬಸ್ಸು ಎಷ್ಟು ಹೊತ್ತಿಗೊಂದು ಇದೆ, ದಾರಿ ಹೇಗಿದೆ ಅಂತ ವಿಚಾರಿಸುತ್ತಲೇ ಇದ್ದರು.