ಬಂದ್ ಆಗದ ಲ್ಯಾಪ್‌ಟಾಪ್: ಮಂಡಿ ಯಂತ್ರದ ರಿಪೇರಿ ದಾಖಲೆ

ಯಂತ್ರ: 15.6 ಇಂಚಿನ ಲ್ಯಾಪ್‌ಟಾಪ್, 5ನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, 5400 ಆರ್‌ಪಿಎಂ ವೇಗದ 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ದಾವಣಗೆರೆ ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಮಂಡಿಯೊಂದರ ಲೆಕ್ಕಪತ್ರವೆಲ್ಲ ಇದರಲ್ಲೇ ಇದೆ. ಮಾಲೀಕರ ತಕರಾರು ಇಷ್ಟೇ: "ಬಂದೇ ಆಗ್ವಲ್ದು ರೀ, ಸುಮ್ನೆ ಸುತ್ತಾಕತ್ತೈತಿ."

ಸೋಮವಾರ: ಕರೆಂಟ್ ಕಡಿಯುವ ಮೊದಲು

ಬಂದಾಗ ಪರದೆಯ ಮೇಲೆ "ಶಟ್ಟಿಂಗ್ ಡೌನ್" ಎಂಬ ಬರಹ, ಬಿಳಿ ಚುಕ್ಕೆಗಳ ಸುತ್ತು, ಫ್ಯಾನಿನ ಸದ್ದು. ಇಂಥ ಹೊತ್ತಿನಲ್ಲಿ ಕೈ ನೇರ ಪವರ್ ಬಟನ್ನಿಗೆ ಹೋಗುತ್ತದೆ. ಅದಕ್ಕೂ ಮೊದಲು ಮಾಡಬೇಕಾದ ಪರೀಕ್ಷೆ ಎರಡು, ಅರ್ಧ ನಿಮಿಷದ ಕೆಲಸ.

ಮೊದಲನೆಯದು ಕ್ಯಾಪ್ಸ್ ಲಾಕ್. ಒತ್ತಿದಾಗ ಅದರ ದೀಪ ಹತ್ತಿ ಆರಿದರೆ ವಿಂಡೋಸಿನ ಒಳಗಿನ ತಿರುಳು ಇನ್ನೂ ಜೀವಂತವಾಗಿದೆ, ಯಾವುದಕ್ಕೋ ಕಾಯುತ್ತಿದೆ ಎಂದರ್ಥ. ದೀಪ ಅಲ್ಲಾಡದಿದ್ದರೆ ಪೂರ್ತಿ ಸ್ತಬ್ಧ. ಅಲ್ಲಿ ಕಾದು ಪ್ರಯೋಜನವಿಲ್ಲ. ಎರಡನೆಯದು ಡಿಸ್ಕಿನ ದೀಪ. ಅಡ್ಡಾದಿಡ್ಡಿ ಮಿನುಗುತ್ತಿದ್ದರೆ ಕೆಲಸ ನಡೆದಿದೆ, ಅಪ್‌ಡೇಟ್ ಕೂರುತ್ತಿರಬಹುದು; ಗಂಟೆಯಾದರೂ ಬಿಡಿ. ಈ ಯಂತ್ರದಲ್ಲಿ ಕ್ಯಾಪ್ಸ್ ಲಾಕ್ ಸರಿಯಾಗಿತ್ತು, ಡಿಸ್ಕಿನ ದೀಪ ಮಾತ್ರ ಆರದೆ ಒಂದೇ ಸಮ ಉರಿಯುತ್ತಿತ್ತು. ಎಡ ಅಂಗೈ ಇಡುವ ಜಾಗಕ್ಕೆ ಕಿವಿಯಿಟ್ಟರೆ ಟಿಕ್, ತುಸು ಮೌನ, ಮತ್ತೆ ಅದೇ ಟಿಕ್. ಡಿಸ್ಕ್ ಒಂದೇ ಜಾಗವನ್ನು ಓದಲು ಹೋಗಿ ಸೋತು, ಹಿಂದೆ ಸರಿದು, ಮತ್ತೆ ಹೋಗುವ ಸದ್ದು ಇದು. ಹೀಗಿದ್ದಾಗ ಕಾಯುವುದೇ ಡಿಸ್ಕಿಗೆ ಕೆಡುಕು.

ಯುಎಸ್‌ಬಿಯ ಪ್ರಿಂಟರ್, ಡಾಂಗಲ್ ಎಲ್ಲ ಕಿತ್ತು ನೋಡಿದೆವು, ಬದಲಾವಣೆ ಇಲ್ಲ. ಆಮೇಲೆ ಪವರ್ ಬಟನ್. ಕಂಪ್ಯೂಟರಿನ ಕರೆಂಟ್ ನಿರ್ವಹಣೆಗಿರುವ ಎಸಿಪಿಐ ನಿಯಮದ ಪ್ರಕಾರ 4 ಸೆಕೆಂಡ್ ಸಾಕು, ಆದರೆ ಹಲವು ಲ್ಯಾಪ್‌ಟಾಪುಗಳು 10ರಿಂದ 15 ಸೆಕೆಂಡ್ ಕೇಳುತ್ತವೆ. ಬೆರಳು ತೆಗೆಯದೆ ದೀಪ ಆರುವವರೆಗೆ ಹಿಡಿಯಬೇಕು. 30 ಸೆಕೆಂಡ್ ಹಿಡಿದರೂ ಆರದಿದ್ದರೆ ಬಟನ್ನನ್ನು ಗಮನಿಸುವ ಎಂಬೆಡೆಡ್ ಕಂಟ್ರೋಲರ್ ಚಿಪ್ಪೇ ಸಿಕ್ಕಿಬಿದ್ದಿದೆ. ಆಗ ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂತಿದ್ದರೆ ತೆಗೆಯಿರಿ. ಒಳಗೇ ಇರುವ ಬ್ಯಾಟರಿಯಾದರೆ ಕೆಳಗಡೆ ಗುಂಡುಪಿನ್ನು ಹೋಗುವಷ್ಟು ರಿಸೆಟ್ ತೂತು ಇದೆಯೇ ಹುಡುಕಿ. ಥಿಂಕ್‌ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದೂ ಇಲ್ಲದಿದ್ದರೆ ಹಿಂಬದಿ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಸಡಿಲಿಸಬೇಕು. ಇದಕ್ಕೆ ಪ್ಲಾಸ್ಟಿಕ್ ಪಟ್ಟಿಯೇ ಬೇಕು. ಸ್ಕ್ರೂಡ್ರೈವರ್ ಜಾರಿ ಬ್ಯಾಟರಿಗೆ ಚುಚ್ಚಿದರೆ ಬೆಂಕಿ ಹತ್ತುತ್ತದೆ.

ನಮ್ಮದು ಬಟನ್ನಿಗೇ ಆರಿತು. ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಬಟನ್ನನ್ನು ಅರ್ಧ ನಿಮಿಷ ಒತ್ತಿ ಉಳಿದ ಚಾರ್ಜ್ ಇಳಿಸಿದೆವು. ವಿಂಡೋಸ್ ಮಾತ್ರ ಶುರು ಮಾಡಲಿಲ್ಲ. ಶುರುವಾದರೆ ಅದು ಡಿಸ್ಕಿಗೆ ಬರೆಯುತ್ತದೆ, ತಾನಾಗಿ ಡಿಸ್ಕ್ ಚೆಕ್ ನಡೆಸುತ್ತದೆ. ಕೆಡುತ್ತಿರುವ ಡಿಸ್ಕಿಗೆ ಎರಡೂ ವಿಷ.

ಬುಧವಾರ: ಡಿಸ್ಕ್

ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ (ಡಿಸ್ಕಿಗೆ ಹಾಕದೆಯೇ ಓಡುವ ಲಿನಕ್ಸ್) ಬೂಟ್ ಮಾಡಿ ಸ್ಮಾರ್ಟ್ ದಾಖಲೆ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ, ತೆಗೆದೆವು. ನೋಡಬೇಕಾದ ಸಾಲು ಮೂರು. ಸಂಖ್ಯೆ 5, ಅಂದರೆ ಕೆಟ್ಟು ಈಗಾಗಲೇ ಬದಲಿ ಜಾಗಕ್ಕೆ ಹೋದ ಸೆಕ್ಟರ್ (ಡಿಸ್ಕಿನ ಸಣ್ಣ ತುಣುಕು): 16. ಸಂಖ್ಯೆ 197, ಓದಲಾಗದೆ ಬಾಕಿ ಉಳಿದವು: 88. ಸಂಖ್ಯೆ 199, ಕೇಬಲ್ ದೋಷ: 0. ಕನೆಕ್ಟರ್ ಸರಿಯಿದೆ, ಡಿಸ್ಕಿನೊಳಗಿನ ತಟ್ಟೆಯೇ ಕೆಡುತ್ತಿದೆ. 88 ಎಂಬುದು 8ರ ಗುಣಕ ಎಂಬುದನ್ನು ಗಮನಿಸಿ: ಇಂಥ ಡಿಸ್ಕ್‌ಗಳ ನಿಜವಾದ ಸೆಕ್ಟರ್ 4096 ಬೈಟಿನದು, 512ರ ಲೆಕ್ಕದಲ್ಲಿ ಒಂದು ಕೆಟ್ಟರೆ 8 ಕೆಟ್ಟಂತೆ. ಇದನ್ನೇ ವಿಂಡೋಸಿನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡುವವರು ನೆನಪಿಡಿ, ಅದು ಸಾಮಾನ್ಯವಾಗಿ ಮೂಲ ಅಂಕಿಯನ್ನು ಹೆಕ್ಸಾಡೆಸಿಮಲ್‌ನಲ್ಲಿ (16ರ ಎಣಿಕೆಯಲ್ಲಿ) ತೋರಿಸುತ್ತದೆ. ಅಲ್ಲಿ 58 ಕಂಡರೆ ಅದು 88.

ಕೆಡುತ್ತಿರುವ ಡಿಸ್ಕಿನಲ್ಲಿರುವುದನ್ನೆಲ್ಲ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ ಡಿಸ್ಕಿಗೆ) ನಕಲು ಮಾಡಲು ಡಿಡಿರೆಸ್ಕ್ಯೂ ಎಂಬ ಸಾಧನ. ಹೊಸ ಎಸ್‌ಎಸ್‌ಡಿ 1 ಟಿಬಿಯದೇ ಆದರೂ ಬೈಟ್ ಸಂಖ್ಯೆ ತಾಳೆ ನೋಡಿದೆವು. ಎರಡೂ ಕಡೆ 1000204886016 ಇತ್ತು. ಹೊಸದರಲ್ಲಿ ಒಂದು ಬೈಟ್ ಕಮ್ಮಿಯಿದ್ದರೂ ಕೊನೆಯ ಭಾಗ ಉಳಿಯುವುದಿಲ್ಲ. ಮೊದಲ ಸುತ್ತು ಎನ್ ಆಯ್ಕೆಯೊಂದಿಗೆ: ಕೆಟ್ಟ ಜಾಗವನ್ನು ಕೆರೆಯುತ್ತ ಕೂರದೆ ಒಳ್ಳೆಯದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಎರಡನೇ ಸುತ್ತಿಗೆ ಡಿ ಮತ್ತು ಆರ್3, ಅಂದರೆ ನೇರ ಓದು, ಮೂರು ಮರುಯತ್ನ. ಎಲ್ಲಿ ಓದಿಯಾಯಿತು, ಎಲ್ಲಿ ಆಗಲಿಲ್ಲ ಎಂದು ಡಿಡಿರೆಸ್ಕ್ಯೂ ಬರೆದಿಡುವ ಮ್ಯಾಪ್‌ಫೈಲನ್ನು ಬೇರೊಂದು ಪೆನ್‌ಡ್ರೈವ್‌ನಲ್ಲಿಡಿ. ಲೈವ್ ಲಿನಕ್ಸಿನ ಒಳಗೇ ಇಟ್ಟರೆ ಕರೆಂಟ್ ಹೋದ ಕ್ಷಣ ಅಳಿಸಿಹೋಗುತ್ತದೆ, ನಕಲು ಮೊದಲಿನಿಂದ ಶುರು. ಯಾವುದು ಮೂಲ ಯಾವುದು ಗುರಿ ಎಂಬುದನ್ನು ಡಿಸ್ಕಿನ ಸೀರಿಯಲ್ ನಂಬರಿನಿಂದ ಖಾತ್ರಿ ಮಾಡಿಕೊಂಡೇ ಎಂಟರ್ ಒತ್ತಿ. ತಿರುಗುಮುರುಗಾದರೆ ಮಂಡಿಯ ಲೆಕ್ಕವೆಲ್ಲ ಸೊನ್ನೆ.

ಓದಲಾಗದೆ ಉಳಿದದ್ದು ಕೆಲವೇ ಸೆಕ್ಟರ್. ಅವು ಯಾವ ಫೈಲಿನವು ಎಂದು ಪತ್ತೆಮಾಡುವುದು ಈ ಕೆಲಸದ ಮುಖ್ಯ ಹಂತ, ಬಹಳ ಜನ ಇದನ್ನು ಬಿಡುತ್ತಾರೆ. ಮ್ಯಾಪ್‌ಫೈಲಿನ ಬೈಟ್ ಸ್ಥಾನವನ್ನು 512ರಿಂದ ಭಾಗಿಸಿ, ಸಿ ಡ್ರೈವ್ ವಿಭಾಗ ಶುರುವಾಗುವ ಸೆಕ್ಟರ್ ಸಂಖ್ಯೆಯನ್ನು ಕಳೆದರೆ ವಿಭಾಗದೊಳಗಿನ ಸ್ಥಾನ ಸಿಗುತ್ತದೆ. ಅದನ್ನು ಎನ್‌ಟಿಎಫ್‌ಎಸ್‌ಕ್ಲಸ್ಟರ್ ಸಾಧನಕ್ಕೆ ಕೊಟ್ಟರೆ ಫೈಲಿನ ಹೆಸರು ಹೇಳುತ್ತದೆ. ಇಲ್ಲಿ ಬಂದ ಹೆಸರು ಪೇಜ್‌ಫೈಲ್, ಅಂದರೆ ರ್‍ಯಾಮ್ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ. ಲೆಕ್ಕದ ಫೋಲ್ಡರಿಗೆ ಒಂದು ಗೀರೂ ಇಲ್ಲ.

ಇಡೀ ದಿನ ಹೇಗೋ ನಡೆಯುವ ಯಂತ್ರ ಬಂದ್ ಮಾಡುವಾಗಲೇ ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. 4 ಜಿಬಿ ರ್‍ಯಾಮ್ ಸಾಲದೆ ವಿಂಡೋಸ್ ಸುಮ್ಮನೆ ಕೂತ ಪ್ರೋಗ್ರಾಮ್‌ಗಳನ್ನು ಪೇಜ್‌ಫೈಲಿಗೆ ತಳ್ಳಿರುತ್ತದೆ. ಶಟ್‌ಡೌನ್ ಎಂದ ಕೂಡಲೇ ಪ್ರತಿಯೊಂದಕ್ಕೂ "ಮುಚ್ಚಿಕೋ" ಎಂಬ ಸೂಚನೆ ಹೋಗುತ್ತದೆ. ಅದನ್ನು ಪಾಲಿಸಲು ಅವೆಲ್ಲ ಪೇಜ್‌ಫೈಲಿನಿಂದ ಮತ್ತೆ ರ್‍ಯಾಮಿಗೆ ಬರಬೇಕು. ಬೆಳಗ್ಗಿನಿಂದ ಮುಟ್ಟದ ಜಾಗವನ್ನೂ ಡಿಸ್ಕ್ ಆಗಲೇ ಓದಬೇಕಾಗುತ್ತದೆ. ಆ ಜಾಗ ಕೆಟ್ಟಿದ್ದರೆ ಅಲ್ಲೇ ಟಿಕ್ ಟಿಕ್.

ಹೀಗಾಗಿ ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಸೆಟ್ಟಿಂಗ್‌ಗಳ ಕಣಜದಲ್ಲಿ) ವೇಟ್‌ಟುಕಿಲ್‌ಸರ್ವಿಸ್‌ಟೈಮೌಟ್, ಅಂದರೆ ಹಿನ್ನೆಲೆಯ ಸೇವೆಗಳು ಮುಚ್ಚಿಕೊಳ್ಳಲು ವಿಂಡೋಸ್ ಕಾಯುವ ಅವಧಿ, ಅದನ್ನು 5000ದಿಂದ 2000 ಮಿಲಿಸೆಕೆಂಡಿಗೆ ಇಳಿಸಿ ಎಂಬ ಸಲಹೆಯನ್ನು ನಾವು ಒಪ್ಪುವುದಿಲ್ಲ. ಡಿಸ್ಕಿನ ದೋಷ ಅದರಿಂದ ಸರಿಹೋಗದು, ಲೆಕ್ಕದ ಡೇಟಾಬೇಸ್ ಬರೆಯುತ್ತಿರುವಾಗಲೇ ಅದರ ಕುತ್ತಿಗೆ ಹಿಸುಕಿದಂತಾಗುತ್ತದೆ. ಪೇಜ್‌ಫೈಲನ್ನು ಪ್ರತಿ ಸಲ ಸೊನ್ನೆಯಿಂದ ತುಂಬಿ ಮುಚ್ಚುವ ಕ್ಲಿಯರ್‌ಪೇಜ್‌ಫೈಲ್‌ಅಟ್‌ಶಟ್‌ಡೌನ್ ಮಾತ್ರ ನೋಡತಕ್ಕದ್ದು, ಅದು 1 ಇದ್ದರೆ ಶಟ್‌ಡೌನ್ ತಡವಾಗುವುದು ಸಹಜ. ಇಲ್ಲಿ 0 ಇತ್ತು.

ಗುರುವಾರ: ಎಸ್‌ಎಸ್‌ಡಿ, ರ್‍ಯಾಮ್

ಹಳೆಯ ಡಿಸ್ಕ್ 9.5 ಮಿಮೀ ದಪ್ಪ, ಎಸ್‌ಎಸ್‌ಡಿ 7 ಮಿಮೀ. ನಡುವೆ ಚೌಕಟ್ಟಿನ ಪಟ್ಟಿ ಅಂಟಿಸಿದೆವು, ಇಲ್ಲದಿದ್ದರೆ ಕನೆಕ್ಟರ್ ಅಲುಗಾಡುತ್ತದೆ. ನಕಲು ಮತ್ತು ಮೂಲ ಎರಡನ್ನೂ ಒಟ್ಟಿಗೆ ಜೋಡಿಸಿ ಬೂಟ್ ಮಾಡಬಾರದು, ಗುರುತು ಒಂದೇ ಆಗಿರುವುದರಿಂದ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಇನ್ನೊಂದು 4 ಜಿಬಿ ಡಿಡಿಆರ್3ಎಲ್ ಹಾಕಿದೆವು: 204 ಪಿನ್ನಿನ, 1.35 ವೋಲ್ಟಿನದೇ ಬೇಕು, 1.5 ವೋಲ್ಟಿನ ಬರೀ ಡಿಡಿಆರ್3 ಇಲ್ಲಿ ಬೇಡ. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86ರ ನಾಲ್ಕು ಸುತ್ತು ರಾತ್ರಿಯಿಡೀ ಓಡಿತು, ತಪ್ಪಿಲ್ಲ.

ಆಮೇಲೆ ನಕಲಿನ ಮೇಲೆ ಚೆಕ್‌ಡಿಸ್ಕ್ (ಫೈಲ್ ವ್ಯವಸ್ಥೆಯ ತಪಾಸಣೆ), ಡಿಐಎಸ್‌ಎಂ ಮತ್ತು ಎಸ್‌ಎಫ್‌ಸಿ (ವಿಂಡೋಸಿನ ಸ್ವಂತ ಫೈಲುಗಳ ದುರಸ್ತಿ), ಇದೇ ಕ್ರಮದಲ್ಲಿ. ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್ ಕೂಡ ಓದಿದೆವು. ಕರ್ನಲ್-ಪವರ್ 41 ಸಾಲುಸಾಲಾಗಿ ಇತ್ತು, ಆದರೆ ಅದು ಹೇಳುವುದು ಸರಿಯಾಗಿ ಮುಚ್ಚದೆ ಕರೆಂಟ್ ಹೋಯಿತು ಎಂದಷ್ಟೇ. ಕಾರಣ ಅದಕ್ಕೂ ಹಿಂದಿನ ನಮೂದುಗಳಲ್ಲಿ: ಡಿಸ್ಕ್ 7 (ಕೆಟ್ಟ ಜಾಗ), ಡಿಸ್ಕ್ 153 (ಓದು-ಬರಹದ ಮರುಯತ್ನ).

ಶನಿವಾರ: ಎರಡನೇ ದೋಷ

ಶಟ್‌ಡೌನ್ ಈಗ ಚುರುಕು. ಆದರೂ ಕೆಲವೊಮ್ಮೆ ಪರದೆ ಕಪ್ಪಾದ ಮೇಲೆ ಪವರ್ ದೀಪ, ಫ್ಯಾನ್ ಹಾಗೇ ಉಳಿಯುತ್ತಿದ್ದವು. ಹಳೆಯ ತೊಂದರೆ ಇದಲ್ಲ: ವಿಂಡೋಸ್ ತನ್ನ ಕೆಲಸ ಮುಗಿಸಿದೆ, ಕರೆಂಟ್ ಕಡಿಯುವವರು ಕಡಿದಿಲ್ಲ. ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೆ ಫಾಸ್ಟ್ ಸ್ಟಾರ್ಟಪ್ (ಬೇಗ ಶುರುವಾಗಲೆಂದು ವಿಂಡೋಸಿನ ತಿರುಳನ್ನು ಡಿಸ್ಕಿನಲ್ಲಿ ಉಳಿಸಿಡುವ ಏರ್ಪಾಡು) ಬಿಟ್ಟು ಪೂರ್ತಿ ಮುಚ್ಚುತ್ತದೆ. ಹಾಗೆ ಮಾಡಿದರೂ ಅದೇ ಕಥೆ. ಅಂದರೆ ಫಾಸ್ಟ್ ಸ್ಟಾರ್ಟಪ್ ತಪ್ಪಿತಸ್ಥ ಅಲ್ಲ.

ಡಿವೈಸ್ ಮ್ಯಾನೇಜರಿನಲ್ಲಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ (ಇಂಟೆಲ್ ಯಂತ್ರಗಳೊಳಗಿನ ಪುಟ್ಟ ನಿಯಂತ್ರಕ) ಜೊತೆ ವಿಂಡೋಸ್ ಮಾತಾಡುವ ಇಂಟರ್‌ಫೇಸ್ ಡ್ರೈವರ್ 11ನೇ ಆವೃತ್ತಿಯದು ಕೂತಿತ್ತು. ವಿಂಡೋಸ್ 10ಕ್ಕೆ ಏರಿಸಿದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಈ ಲಕ್ಷಣಕ್ಕೆ ಇದು ಗೊತ್ತಿರುವ ಕಾರಣ. ತೆಗೆದು, ಅದೇ ಮಾದರಿಗೆ ತಯಾರಕರು ಕೊಟ್ಟ 10ನೇ ಆವೃತ್ತಿ ಹಾಕಿದೆವು. ಆಮೇಲೆ ದೀಪ, ಫ್ಯಾನ್, ಪರದೆ ಮೂರೂ ಒಟ್ಟಿಗೆ ಆರುತ್ತಿವೆ. ವಿಂಡೋಸ್ ಅಪ್‌ಡೇಟ್ ಮತ್ತೆ ಹೊಸದನ್ನು ತಂದು ಕೂರಿಸಬಹುದು, ಹಾಗಾಗಿ ಪ್ರತಿ ದೊಡ್ಡ ಅಪ್‌ಡೇಟ್ ನಂತರ ಆವೃತ್ತಿ ನೋಡಬೇಕು.

ಬಾಕಿ

ಬಯೋಸ್ (ಯಂತ್ರ ಹತ್ತಿಸಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮುಂದಕ್ಕೆ ಹಾಕಿದ್ದೇವೆ. ಬ್ಯಾಟರಿ ವರದಿಯಲ್ಲಿ ಫುಲ್ ಚಾರ್ಜ್ ಸಾಮರ್ಥ್ಯ ಮೂಲ ಸಾಮರ್ಥ್ಯದ ಅರ್ಧಕ್ಕೂ ಕಮ್ಮಿ. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಹೋದಂತೆ, ಹೊಸ ಬ್ಯಾಟರಿ ಬಂದ ಮೇಲೆ ಚಾರ್ಜರ್ ಹಾಕಿಕೊಂಡೇ ಮಾಡುವುದು. ಫ್ಯಾನಿನ ಹಿಂದಿನ ತಾಮ್ರದ ಹಲ್ಲುಗಳಲ್ಲಿ ಜೋಳದ ಹೊಟ್ಟು ಮತ್ತು ಧೂಳು ಕಂಬಳಿಯಂತೆ ಕೂತಿತ್ತು, ಬ್ರಶ್ಶಿನಿಂದ ತೆಗೆದಾಯಿತು. ಥರ್ಮಲ್ ಪೇಸ್ಟ್ ಬದಲಿಸುವುದಿದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಮುಂದೇನು ಎಂದು ಮಾಲೀಕರ ಜೊತೆ ಮಾತಾಡಬೇಕು. ಹಳೆಯ ಡಿಸ್ಕಿಗೆ ಚೀಟಿ ಅಂಟಿಸಿ ಮ್ಯಾಪ್‌ಫೈಲಿನ ಪೆನ್‌ಡ್ರೈವ್ ಜೊತೆಗೇ ಇಟ್ಟಿದ್ದೇವೆ. ಮಂಡಿಯವರು ಖಾತೆ ತಾಳೆ ನೋಡಿ ಮುಗಿಸುವವರೆಗೆ ಅದನ್ನು ಒರೆಸುವುದಿಲ್ಲ.