ಘಟ್ಟದಲ್ಲಿ ಕಪ್ಪು ಹೊಗೆ ಬಿಡುವ ಹಳೆಯ ಡೀಸೆಲ್ ಕಾರು: ನಾಜಲ್ ಬಿಚ್ಚುವ ಮೊದಲು ನೋಡಬೇಕಾದದ್ದು

ಶಿರಸಿಯ ನಮ್ಮ ಗ್ಯಾರೇಜಿಗೆ ಬರುವ ಹಳೆಯ ಡೀಸೆಲ್ ಕಾರುಗಳ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ದೇವಿಮನೆ ಘಟ್ಟ ಹತ್ತುವಾಗ ಗಾಡಿ ಎಳೆಯುವುದಿಲ್ಲ, ಹಿಂದೆ ಬರುವವರಿಗೆ ರಸ್ತೆಯೇ ಕಾಣದಷ್ಟು ಹೊಗೆ. ದೂರಿನ ಜೊತೆಗೇ ಮಾಲೀಕರು ತೀರ್ಪನ್ನೂ ಕೊಟ್ಟುಬಿಡುತ್ತಾರೆ: ‘ನಾಜಲ್ ಹೋಗಿದೆ ಮಾರಾಯ್ರೆ, ಬಿಚ್ಚಿ ಹುಬ್ಬಳ್ಳಿಗೆ ಕಳಿಸಿಬಿಡಿ.’ ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಈ ನಾಜಲ್ ಹೋಗುವುದಿಲ್ಲವೆಂದಲ್ಲ. ಆದರೆ ಅದು ದುಬಾರಿ ಕೆಲಸ. ಅದಕ್ಕೆ ಕೈ ಹಾಕುವ ಮೊದಲು ಎಂಜಿನ್ನಿಗೆ ಗಾಳಿ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಕಿಲೋ ಡೀಸೆಲ್ ಪೂರ್ತಿಯಾಗಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಸಿಲಿಂಡರಿನೊಳಗೆ ಹನಿಹನಿಯಾಗಿ ಸಿಡಿಯುವ ಡೀಸೆಲ್‌ಗೆ ಗಾಳಿಯೊಡನೆ ಬೆರೆಯಲು ಸಿಗುವ ಸಮಯ ಅತ್ಯಲ್ಪವಾದ್ದರಿಂದ, ಅದಕ್ಕಿಂತ ಸಾಕಷ್ಟು ಹೆಚ್ಚು ಗಾಳಿ ಇರಲೇಬೇಕು. ಇಲ್ಲವಾದರೆ ಅರೆಬೆಂದ ಇಂಗಾಲವೇ ಮಸಿಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಹೀಗಾಗಿ ಎಳೆತ ಕಡಿಮೆಯಾಗಿ ಕಪ್ಪು ಹೊಗೆಯೂ ಬಂದರೆ ನಾನು ಮೊದಲು ಗಾಳಿಯ ದಾರಿಯನ್ನು ನೋಡುತ್ತೇನೆ. ಎಳೆತ ಕಡಿಮೆಯಾಗಿಯೂ ಹೊಗೆ ಇಲ್ಲದಿದ್ದರೆ ಡೀಸೆಲ್ಲೇ ಸಾಲುತ್ತಿಲ್ಲವೆಂದು ತಿಳಿದು ಡೀಸೆಲ್ ಫಿಲ್ಟರಿನ ಕಡೆ ಹೋಗುತ್ತೇನೆ. ಮಳೆಗಾಲದಲ್ಲಂತೂ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಬಿಟ್ಟರೇ ಕೆಲವು ಗಾಡಿಗಳು ಸರಿಹೋಗುತ್ತವೆ.

ಇತ್ತೀಚೆಗೆ ಬಂದ ಒಂದು ಕಾಮನ್ ರೈಲ್ ಗಾಡಿಯ (ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಹೋಗುವ ಬಗೆಯದು) ಉದಾಹರಣೆ ಕೊಡುತ್ತೇನೆ. ಅಡಿಕೆ ತೋಟದ ಯಜಮಾನರೊಬ್ಬರದ್ದು, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಮತ್ತು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎರಡೂ ಇರುವಂಥದ್ದು. ಬೇರೆ ಕಡೆ ನಾಲ್ಕೂ ನಾಜಲ್‌ಗಳನ್ನು ಕೆಲಸ ಮಾಡಿಸಿಕೊಂಡು ಬಂದಿದ್ದರು; ಹೊಗೆ ಮಾತ್ರ ಹಾಗೆಯೇ ಇತ್ತು. ಅಂಗಳದಲ್ಲಿ ನಿಲ್ಲಿಸಿ ರೇಸ್ ಮಾಡಿದಾಗ ಹೇಳಿಕೊಳ್ಳುವಂತಹ ಹೊಗೆಯೇನೂ ಕಾಣಲಿಲ್ಲ. ಮಾಲಿನ್ಯ ತಪಾಸಣೆಯ ಚೀಟಿಯೂ ಚೊಕ್ಕವಾಗಿತ್ತು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ, ಏಕೆಂದರೆ ಆ ತಪಾಸಣೆಯಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ ಹೊಗೆಯ ದಟ್ಟಣೆಯನ್ನು ಅಳೆಯುತ್ತಾರೆ. ಭಾರತ್ ಸ್ಟೇಜ್ 4 ಎಂಬ ಮಾಲಿನ್ಯ ಮಾನದಂಡಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ 65 ಹಾರ್ಟ್‌ರಿಜ್ ಘಟಕದವರೆಗೆ (ಹೊಗೆಯ ದಟ್ಟಣೆಯ ಅಳತೆ), ಸ್ಟೇಜ್ 4ರವುಗಳಿಗೆ 50ರವರೆಗೆ ಅವಕಾಶವಿದೆ. ಭಾರ ಬೀಳದ ಎಂಜಿನ್ನಿನಲ್ಲಿ ಟರ್ಬೊ ಪೂರ್ತಿ ಒತ್ತಡ ಕಟ್ಟುವುದೇ ಇಲ್ಲ. ಗಾಳಿಯ ಪೈಪಿನಲ್ಲಿ ಪೂರ್ತಿ ಒತ್ತಡದಲ್ಲಿ ಮಾತ್ರ ಬಾಯಿ ಬಿಡುವ ಸೀಳು ಇದ್ದರೆ ಅದು ಅಲ್ಲಿ ಹೇಗೆ ತಾನೇ ಸಿಕ್ಕೀತು?

ಆದ್ದರಿಂದ ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಜೋಡಿಸಿ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕತಗಾಲದವರೆಗೆ ಇಳಿದು, ಅಲ್ಲಿಂದ ಘಟ್ಟ ಹತ್ತಿಸಿದೆ. ಹೊರಡುವ ಮುನ್ನ ಎಂಜಿನ್ ಚಾಲೂ ಮಾಡದೆ ಬರೀ ಕೀ ತಿರುಗಿಸಿ, ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡದ ಸೆನ್ಸರ್ ಏನು ತೋರಿಸುತ್ತದೆಂದು ನೋಡಿಕೊಳ್ಳಬೇಕು. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನಷ್ಟೇ ತೋರಿಸಬೇಕು: ಕುಮಟಾದಲ್ಲಾದರೆ ಸುಮಾರು 101 ಕಿಲೋಪಾಸ್ಕಲ್, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಾದರೆ 94ರ ಆಸುಪಾಸು. ಇಲ್ಲಿಯೇ ದೊಡ್ಡ ವ್ಯತ್ಯಾಸ ಕಂಡರೆ ಮುಂದಿನ ಅಂಕಿಗಳನ್ನು ನಂಬುವಂತಿಲ್ಲ. ಈ ಗಾಡಿಯ ಸೆನ್ಸರ್ ಸರಿಯಾಗಿತ್ತು. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಪೂರ್ತಿ ಒತ್ತಿದಾಗ ಕಾಮನ್ ರೈಲಿನ ಡೀಸೆಲ್ ಒತ್ತಡ ಗಾಡಿಯ ಕಂಪ್ಯೂಟರು ಕೇಳಿದಷ್ಟು ಬಂತು, ಟರ್ಬೊ ಒತ್ತಡ ಮಾತ್ರ ಕೇಳಿದ್ದಕ್ಕಿಂತ ಬಹಳ ಕೆಳಗೇ ಉಳಿಯಿತು. ಹಿಂಗನ್ನಡಿಯಲ್ಲಿ ಕಪ್ಪು ಮೋಡವೂ ಅದೇ ಹೊತ್ತಿಗೆ ಎದ್ದಿತು.

ಟರ್ಬೊ ಬದಲಿಸಬೇಕೆಂದು ಇಷ್ಟಕ್ಕೇ ಹೇಳುವುದು ಅವಸರವಾಗುತ್ತದೆ. ಏರ್ ಫಿಲ್ಟರ್ ಡಬ್ಬಿಯನ್ನು ತೆರೆದು ನೋಡಿದ್ದಾಯಿತು (ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಗಳ ಡಬ್ಬಿಯಲ್ಲಿ ಇಲಿ ಗೂಡು ಕಟ್ಟುವುದು ನಮ್ಮ ಕಡೆ ಹೊಸತಲ್ಲ). ಟರ್ಬೊದ ಒತ್ತಡವನ್ನು ಹತೋಟಿಯಲ್ಲಿಡುವ ಆಕ್ಚುಯೇಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪುಗಳು ಒಣಗಿ ಬಿರುಕು ಬಿಟ್ಟಿರಲಿಲ್ಲ. ಕೈಪಂಪಿನಿಂದ ಎಳೆದಾಗ ಅದರ ಕಡ್ಡಿ ಸಲೀಸಾಗಿ ಸರಿದು ಹಾಗೆಯೇ ನಿಂತಿತು. ಕಾರವಾರ, ಅಂಕೋಲಾ ಕಡೆಯ ಗಾಡಿಗಳಲ್ಲಾದರೆ ಉಪ್ಪುಗಾಳಿಗೆ ಈ ಕಡ್ಡಿ ತುಕ್ಕು ಹಿಡಿದು ಸಿಕ್ಕಿಕೊಂಡಿರುವುದುಂಟು. ಸುಟ್ಟ ಗಾಳಿಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಉಳಿದುಬಿಟ್ಟರೂ ಹೊಸ ಗಾಳಿಯ ಜಾಗವನ್ನು ಸುಟ್ಟ ಗಾಳಿ ಆಕ್ರಮಿಸಿಕೊಂಡು ಇದೇ ಬಗೆಯ ಹೊಗೆ ಬರುತ್ತದೆ. ಇದರಲ್ಲಿ ಮಸಿ ಕಟ್ಟಿತ್ತಾದರೂ ವಾಲ್ವ್ ಪೂರ್ತಿ ಮುಚ್ಚುತ್ತಿತ್ತು.

ಉಳಿದದ್ದು ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಬರುವ ದಪ್ಪ ರಬ್ಬರ್ ಪೈಪು. ಮೇಲಿನಿಂದ ನೋಡಿದರೆ ಹೊಸದರಂತೆಯೇ ಇತ್ತು. ಅಡಿಯಲ್ಲಿ ಬೆರಳಾಡಿಸಿದಾಗ, ಕ್ಲ್ಯಾಂಪಿನಿಂದ ಎರಡು ಬೆರಳು ಈಚೆ, ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡು ಒದ್ದೆಯಾದ ಕಪ್ಪು ಗೆರೆಯೊಂದು ಕೈಗೆ ಹತ್ತಿತು. ಗಾಳಿಯ ದಾರಿಯಲ್ಲಿ ಸದಾ ಸ್ವಲ್ಪ ಎಣ್ಣೆಯ ಆವಿ ಇರುತ್ತದೆ, ಸೋರುವಲ್ಲಿ ಅದೇ ಗುರುತು ಬಿಡುತ್ತದೆ. ಟರ್ಬೊದ ಬಾಯಿಗೆ ಮುಚ್ಚಳ ಬಿಗಿದು, ಒಂದು ಬಾರ್‌ಗಿಂತ ಕಡಿಮೆ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದಾಗ ಆ ಗೆರೆಯುದ್ದಕ್ಕೂ ನೊರೆ ಎದ್ದಿತು. ಒಳಗೆ ಬಂದ ಗಾಳಿಯನ್ನು ಅಳೆಯುವ ಸೆನ್ಸರ್ ಇರುವುದು ಟರ್ಬೊಕ್ಕಿಂತ ಮೊದಲು, ಸೀಳು ಇದ್ದದ್ದು ಟರ್ಬೊದ ನಂತರ. ಅಳೆದ ಗಾಳಿಯೆಲ್ಲ ಸಿಲಿಂಡರಿಗೆ ತಲುಪಿತೆಂದು ನಂಬಿದ ಕಂಪ್ಯೂಟರು ಅದಕ್ಕೆ ತಕ್ಕಷ್ಟು ಡೀಸೆಲ್ ಕೊಡುತ್ತಲೇ ಇತ್ತು.

ಎಂಜಿನ್ ಎಣ್ಣೆ ಉರಿದು ಬರುವ ನೀಲಿ ಹೊಗೆಯ ದಾರಿ ಬೇರೆ. ಘಟ್ಟವನ್ನು ಗೇರಿನಲ್ಲೇ ಇಳಿದು ಕೆಳಗೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಒಳಗಿನಿಂದ ಬುಸುಗುಟ್ಟಿದರೆ ಪಿಸ್ಟನ್ ರಿಂಗಿನ ಮೇಲೆ. ಬಿಳಿ ಹೊಗೆ ಕಣ್ಣಿಗೆ ಉರಿ ತಂದು ಡೀಸೆಲ್ ವಾಸನೆ ಹೊಡೆದರೆ ಉರಿಯದ ಡೀಸೆಲ್, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಯ ಕೆಳಗಿನ ಸೀಲು) ಮೇಲೆ ಅನುಮಾನ.

ಪೈಪು ಬದಲಿಸುವಾಗ ಇಂಟರ್‌ಕೂಲರನ್ನು ಇಳಿಸಿ, ಒಳಗೆ ನಿಂತ ಎಣ್ಣೆಯನ್ನು ಬಗ್ಗಿಸಿ ತೆಗೆಯದೆ ಜೋಡಿಸಬಾರದು. ಒತ್ತಡ ಮರಳಿ ಬಂದ ಮೇಲೆ ಆ ಎಣ್ಣೆ ಒಮ್ಮೆಲೇ ಎಂಜಿನ್ನಿಗೆ ನುಗ್ಗಿದರೆ, ಕೀ ತೆಗೆದರೂ ನಿಲ್ಲದೆ ಎಂಜಿನ್ ಅದನ್ನೇ ಉರಿಸಿಕೊಂಡು ಓಡುವ ಅಪಾಯವಿದೆ. ಹಾಗೆಯೇ, ಸೈಲೆನ್ಸರಿನಲ್ಲಿ ಕಟ್ಟಿದ ಹಳೆಯ ಮಸಿ ಮೊದಲ ಏರಿನಲ್ಲಿ ಕಿತ್ತು ಬರುವುದರಿಂದ, ಹೊಗೆ ಹೋಗಿಲ್ಲವೆಂದು ಯಜಮಾನರು ಗಾಬರಿಯಾಗದಂತೆ ಮೊದಲೇ ತಿಳಿಸಿ, ಎರಡನೆಯ ಸಲ ಹತ್ತಿಸಿ ನೋಡಿದ ನಂತರವೇ ಗಾಡಿಯನ್ನು ಒಪ್ಪಿಸಿದೆ.